ನೀರು ಟೇಸನ್ನಿನ ಸರಪಳಿ

ನಾನು ಚಿಕ್ಕವಳಿದ್ದಾಗ ನಮ್ಮ ಅಕ್ಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅವಳ ಜಡೆ ಮಂಡಿಯವರೆಗೆ ಬರುತ್ತಿತ್ತು, ನನ್ನದು ಇಲಿಬಾಲ. ಹೊಸ ಲಂಗ ಮೊದಲು ಅವಳಿಗೆ, ಅದರ ಬಣ್ಣ ಹೋದ ಮೇಲೆ ನನಗೆ. ಇದನ್ನೆಲ್ಲ ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಅವಳು ದಿನವೂ ರೈಲಿಗೆ ನೀರು ಕುಡಿಸುತ್ತಿದ್ದಳಲ್ಲ, ಅದನ್ನು ಮಾತ್ರ ನನ್ನಿಂದ ಸಹಿಸಲು ಆಗುತ್ತಿರಲಿಲ್ಲ.

ನಗಬೇಡಿ ಮಕ್ಕಳೇ. ನಿಮ್ಮನ್ನು ಎದುರಿಗೆ ಕೂರಿಸಿಕೊಂಡು ಇದನ್ನೆಲ್ಲ ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಆಗಿನ ರೈಲು ಕರೆಂಟಿನಿಂದ ಓಡುತ್ತಿರಲಿಲ್ಲ. ಇಂಜಿನ್ನಿನೊಳಗೆ ಕಲ್ಲಿದ್ದಲು ಉರಿಸಿ, ನೀರು ಕಾಯಿಸಿ, ಆ ಹಬೆಯ ಬಲದಿಂದ ಗಾಲಿ ತಿರುಗಬೇಕಿತ್ತು. ನೀರು ಮುಗಿದರೆ ರೈಲು ನಿಂತ ಹಾಗೆಯೇ. ಉಳುವ ಎತ್ತಿಗೆ ನಡುವೆ ನೀರು ತೋರಿಸುತ್ತಾರಲ್ಲ, ಹಾಗೆ ಅದಕ್ಕೂ ದಾರಿಯಲ್ಲಿ ನೀರು ಕೊಡಬೇಕಿತ್ತು. ಅದು ನೀರು ಕುಡಿಯಲು ನಿಲ್ಲುತ್ತಿದ್ದ ಜಾಗವೇ ನಮ್ಮ ಊರು.

ಊರು ಎಂದು ಬಾಯಿಮಾತಿಗೆ ಹೇಳಿದೆ. ಕೋಲಾರದಿಂದ ಶ್ರೀನಿವಾಸಪುರದ ಕಡೆಗೆ ಚಿಕ್ಕ ಕಂಬಿಯ ಮೇಲೆ ಆಟದ ಸಾಮಾನಿನಂತಹ ಒಂದು ರೈಲು ಓಡುತ್ತಿತ್ತು. ಆ ದಾರಿಯಲ್ಲಿ, ಗುಂಡುಬಂಡೆಗಳೂ ತಂಗಡಿ ಗಿಡಗಳೂ ಬಿಟ್ಟರೆ ಬೇರೇನೂ ಇಲ್ಲದ ಒಂದು ಬಯಲಿನಲ್ಲಿ ನಾವಿದ್ದೆವು. ಹತ್ತಿರದ ಹಳ್ಳಿ ಗುಟ್ಟೆಯ, ಎಂದರೆ ಸಣ್ಣ ಗುಡ್ಡದ, ಆಚೆಗಿತ್ತು. ಸ್ಟೇಷನ್ನಿನ ಹಲಗೆಯ ಮೇಲೆ ಬರೆದಿದ್ದದ್ದೂ ಆ ಹಳ್ಳಿಯ ಹೆಸರೇ. ಜನ ಮಾತ್ರ ನಮ್ಮ ಜಾಗವನ್ನು 'ನೀರು ಟೇಸನ್' ಎಂದೇ ಕರೆಯುತ್ತಿದ್ದರು.

ಅಲ್ಲಿ ಮೊದಲು ಇದ್ದದ್ದು ನಮ್ಮ ತಾತ ತೋಡಿಸಿದ ಬಾವಿ, ಅದರ ಪಕ್ಕದಲ್ಲಿ ನಮ್ಮ ಮನೆ, ಅಷ್ಟೇ. ಕಂಬಿ ಹಾಕುವವರು ಬಂದಾಗ ಒಂದೊಂದು ಬಾವಿಯ ನೀರನ್ನೂ ಪರೀಕ್ಷೆ ಮಾಡಿದರಂತೆ. ಸವುಳು ನೀರು ಹಾಕಿದರೆ ಇಂಜಿನ್ನಿನ ಒಳಗೆ ಸುಣ್ಣದ ಹಾಗೆ ಕಟ್ಟಿಕೊಳ್ಳುತ್ತದಂತೆ. ನಮ್ಮ ಅಜ್ಜಿ ಆಗ ಹೊಸ ಸೊಸೆ. ಅವರಿಗೆ ನೀರಿನ ಪರೀಕ್ಷೆ ಎಂದರೆ ಗೊತ್ತಿದ್ದದ್ದು ಒಂದೇ. ಬಂದವರಿಗೆ ಆ ನೀರಿನಲ್ಲಿ ತೊಗರಿಬೇಳೆ ಬೇಯಿಸಿ ಸಾರು ಮಾಡಿ ಬಡಿಸಿದರು. ಬೇಳೆ ಬೆಣ್ಣೆಯ ಹಾಗೆ ಕರಗಿತ್ತು. ಉಂಡವರು ಕೈ ತೊಳೆದುಕೊಂಡು, ತೊಟ್ಟಿ ಇಲ್ಲೇ ಕಟ್ಟೋಣ ಎಂದರಂತೆ. ಈ ರೈಲು ಓಡುತ್ತಿರುವುದು ತಮ್ಮ ಸಾರಿನಿಂದ ಎಂದು ಅಜ್ಜಿ ಸಾಯುವವರೆಗೂ ನಂಬಿದ್ದರು.

ಬಾವಿ ದಿಣ್ಣೆಯ ಮೇಲೆ, ಕಂಬಿ ಕೆಳಗೆ. ಅಪ್ಪ ಬೆಳಗಿನ ಜಾವದಲ್ಲೇ ಎತ್ತು ಹೂಡಿ ಕಪಿಲೆ ಹೊಡೆಯುತ್ತಿದ್ದರು. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ದೊಡ್ಡ ಚರ್ಮದ ಬಾನಿ ಬಾವಿಯಿಂದ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ನೀರು ಕಲ್ಲಿನ ಕಾಲುವೆಯಲ್ಲಿ ಹರಿದು ಕಬ್ಬಿಣದ ತೊಟ್ಟಿಗೆ ಬೀಳುತ್ತಿತ್ತು. ತೊಟ್ಟಿಯಿಂದ ಕಂಬಿಯ ಕಡೆಗೆ ಆನೆಯ ಸೊಂಡಿಲಿನ ಹಾಗೆ ಬಾಗಿದ ಒಂದು ಕೊಳವೆ, ಅದರ ಪಕ್ಕದಲ್ಲಿ ಜೋತುಬಿದ್ದ ಒಂದು ಸರಪಳಿ. ರೈಲು ಬಂದು ನಿಂತಾಗ ಬೆಂಕಿ ಹಾಕುವ ಮಾಮ ಇಂಜಿನ್ನಿನ ಮೇಲೆ ಹತ್ತಿ, ಸೊಂಡಿಲಿನ ಬಾಯನ್ನು ಅದರ ನೀರಿನ ಡಬ್ಬಿಗೆ ತೂರಿಸಿ, "ವದುಲಮ್ಮಾ!" ಎಂದು ಕೂಗುತ್ತಿದ್ದರು. ಬಿಡಮ್ಮಾ ಎಂದು ಅರ್ಥ. ಅವರೂ ಡ್ರೈವರ್ ಮಾಮನೂ ನಮ್ಮ ಕಡೆಯ ಅನೇಕರ ಹಾಗೆ ಅರ್ಧ ತೆಲುಗು, ಅರ್ಧ ಕನ್ನಡ. ಅವರು ಕೂಗಿದ ತಕ್ಷಣ ಅಕ್ಕ ಎರಡೂ ಕೈಯಿಂದ ಸರಪಳಿ ಹಿಡಿದು ಎಳೆಯುತ್ತಿದ್ದಳು. ಸೊಂಡಿಲು ಒಮ್ಮೆ ನಡುಗಿ, ನೀರು ಧೋ ಎಂದು ಬೀಳುತ್ತಿತ್ತು. ಬಿಸಿ ಕಬ್ಬಿಣದ ಮೇಲೆ ಸಿಡಿದ ಹನಿಗಳು ಚುಂಯ್ ಎನ್ನುತ್ತಿದ್ದವು. ಕಲ್ಲಿದ್ದಲಿನ ಹೊಗೆ, ಎಣ್ಣೆ, ತಣ್ಣೀರು ಮೂರೂ ಸೇರಿದ ಆ ವಾಸನೆಯನ್ನು ನಾನು ಬೇರೆಲ್ಲೂ ಕಾಣಲಿಲ್ಲ. "ಚಾಲಮ್ಮಾ, ಚಾಲು!" ಎಂದರೆ ಸಾಕು ಎಂದು. ಅಕ್ಕ ಸರಪಳಿ ಬಿಡುತ್ತಿದ್ದಳು. ಆಮೇಲೆ ಡ್ರೈವರ್ ಮಾಮ ಕಿಟಕಿಯಿಂದ ಬಗ್ಗಿ ಕೋಲಾರದಿಂದ ತಂದ ಒಂದು ಮೊಳ ಕನಕಾಂಬರವನ್ನು ಅವಳಿಗೆ ಕೊಡುತ್ತಿದ್ದರು. ಬಾಳೆಎಲೆಯ ಆ ಪೊಟ್ಟಣ ಬಿಚ್ಚುವಾಗ ನನ್ನ ಹೊಟ್ಟೆಯೊಳಗೆ ಯಾರೋ ಹಸಿಮೆಣಸಿನಕಾಯಿ ಅರೆದ ಹಾಗೆ ಆಗುತ್ತಿತ್ತು.

ನನಗೂ ಒಂದು ಸಲ ಎಳೆಯಲು ಬಿಡೆಂದು ನಾನು ಬಾಯಿಬಿಟ್ಟು ಕೇಳಿದವಳಲ್ಲ. ಸರಪಳಿಯ ಕೆಳಗೆ ನಿಂತು ಮೇಲೆ ನೋಡುತ್ತಿದ್ದೆ. ಅಜ್ಜಿ ಅದನ್ನು ಕಂಡು, "ನೀನು ಜೋತು ಬಿದ್ರೆ ನೀರು ಬರಲ್ಲ ಕಣೇ, ನೀನೇ ಗಾಳಿಪಟದ ಥರ ಹಾರೋಗ್ತೀಯ" ಎಂದು ನಗುತ್ತಿದ್ದರು. ಎಲ್ಲರೂ ನಗುತ್ತಿದ್ದರು.

ಆ ನೀರಿನ ಸುತ್ತ ಜನ ಹೇಗೆ ಸೇರಿದರು ಎಂದರೆ, ಬೆಲ್ಲದ ಸುತ್ತ ಇರುವೆ ಸೇರಿದ ಹಾಗೆ. ರೈಲು ನೀರು ಕುಡಿಯುವಷ್ಟು ಹೊತ್ತು ಪ್ರಯಾಣಿಕರಿಗೆ ಹಸಿವಾಗುತ್ತದಲ್ಲ? ಮುಳಬಾಗಿಲಿನಿಂದ ಒಬ್ಬರು ಬಂದು ಹೋಟೆಲ್ ಹಾಕಿದರು. ನಾವು ಅವರನ್ನು ಹೋಟೆಲ್ ಅತ್ತೆ ಎನ್ನುತ್ತಿದ್ದೆವು. ಕಂಬಿ ನೋಡಿಕೊಳ್ಳುವ ಕೂಲಿಯವರ ಸಾಲುಮನೆಗಳು ಬಂದವು. ಸ್ಟೇಷನ್ ಮಾಸ್ತರಿಗೆ ಹೆಂಚಿನ ಮನೆ ಬಂತು. ಬೇಸಿಗೆಯಲ್ಲಿ ಸುತ್ತಲಿನ ತೋಪುಗಳಿಂದ ಮಾವಿನ ಹಣ್ಣಿನ ಗಾಡಿಗಳು ಬಂದು ಸಾಲಾಗಿ ನಿಲ್ಲುತ್ತಿದ್ದವು. ಆಗ ಇಡೀ ಬಯಲು ಸಿಹಿ ವಾಸನೆಯಿಂದ ತುಂಬಿ, ನೊಣಗಳಿಗೂ ನಮಗೂ ಹಬ್ಬ. ಕೊನೆಗೆ ಶಾಲೆಯೂ ಬಂತು. ಗಾಲಿ ಕಳಚಿದ ಒಂದು ಹಳೆಯ ಗೂಡ್ಸ್ ಡಬ್ಬಿಯನ್ನು ಹೊಂಗೆ ಮರದ ಕೆಳಗೆ ಇಳಿಸಿ, ಅದರೊಳಗೆ ನಮಗೆ ಅಕ್ಷರ ಕಲಿಸಿದರು. ನಾನು ಓದಿದ್ದೆಲ್ಲ ಆ ಡಬ್ಬಿಯೊಳಗೆ. ಮಳೆ ಬಂದರೆ ತಗಡಿನ ಸದ್ದಿಗೆ ಮಗ್ಗಿ ಕೇಳಿಸುತ್ತಿರಲಿಲ್ಲ, ಅದರಿಂದ ತಪ್ಪು ಹೇಳಿದರೂ ಪೆಟ್ಟು ಬೀಳುತ್ತಿರಲಿಲ್ಲ.

ನಾವು ತಣ್ಣೀರು ಕೊಟ್ಟರೆ ರೈಲು ನಮಗೆ ಬಿಸಿನೀರು ಕೊಡುತ್ತಿತ್ತು. ಇಂಜಿನ್ನಿನ ಪಕ್ಕದಲ್ಲಿ ಒಂದು ನಲ್ಲಿ ಇತ್ತು. ತಿರುಗಿಸಿದರೆ ಕುದಿಯುವ ನೀರು ಬುಸ್ಸೆಂದು ಬರುತ್ತಿತ್ತು. ಬಾಣಂತಿ ಇದ್ದ ಮನೆಯವರು, ಮೈಕೈ ನೋವಿನ ಮುದುಕರು, ಹಬ್ಬದ ದಿನ ಎಲ್ಲರೂ ಕೊಳಗ ಹಿಡಿದು ಅಲ್ಲಿ ನಿಲ್ಲುತ್ತಿದ್ದರು. ನೀರು ಟೇಸನ್ನಿನಲ್ಲಿ ಯಾರ ಮನೆಯಲ್ಲೂ ಸ್ನಾನದ ಒಲೆಯೇ ಇರಲಿಲ್ಲ. ಅಜ್ಜಿಯ ಲೆಕ್ಕದಲ್ಲಿ ಇಂಜಿನ್ನು ಎಂದರೆ ದಿನಕ್ಕೆರಡು ಸಲ ಬಾಗಿಲಿಗೆ ಬರುವ ಹಂಡೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಕ್ಕನ ಮದುವೆ ಗೊತ್ತಾಯಿತು. ಗಂಡು ಮಾಲೂರಿನ ಕಡೆ ಲಕ್ಕೂರಿನವರು. ಎಲ್ಲರಿಗೂ ಸಂತೋಷ. ನನಗೆ ಎಲ್ಲರಿಗಿಂತ ಹೆಚ್ಚು ಸಂತೋಷ, ಏಕೆಂದರೆ ಅಕ್ಕ ಹೋದರೆ ಸರಪಳಿ ನನಗೆ. ಆದರೆ ಹೋಟೆಲ್ ಅತ್ತೆಗೂ ಒಬ್ಬ ಮಗಳಿದ್ದಳು. ನನಗಿಂತ ಒಂದು ಗೇಣು ಎತ್ತರ. ದಿನವೂ ಬಿಸಿ ಬೋಂಡ ತಿಂದು ಗುಂಡಗಿದ್ದಳು. ಅತ್ತೆ ನಮ್ಮ ಜಗಲಿಯ ಮೇಲೆ ಕೂತು ಅಪ್ಪನಿಗೆ, "ಅಣ್ಣಯ್ಯ, ದೊಡ್ಡವಳು ಹೋದ್ಮೇಲೆ ಸರಪಳಿ ಯಾರು ಎಳೀತಾರೆ? ನಿಮ್ಮ ಚಿಕ್ಕದು ನೋಡಿದ್ರೆ ನುಗ್ಗೆಕಡ್ಡಿ. ನನ್ನ ಮಗಳು ಎಳೀತಾಳೆ ಬಿಡಿ" ಎಂದರು. ಅಪ್ಪ, "ನೋಡೋಣ ಕಣಮ್ಮ, ಮದುವೆ ಕಳೀಲಿ" ಎಂದರು. ಆವತ್ತಿನಿಂದ ನನ್ನ ಹೊಟ್ಟೆಕಿಚ್ಚು ಎರಡು ಒಲೆಯ ಮೇಲೆ ಉರಿಯತೊಡಗಿತು.

ಮದುವೆಯ ದಿನ ಬೆಳಗಿನ ರೈಲಿಗೆ ಬೀಗರು ಬರುವುದಿತ್ತು. ಮನೆಯ ಮುಂದೆ ತೆಂಗಿನ ಗರಿಯ ಚಪ್ಪರ, ಕೆಳಗೆ ಕೆಮ್ಮಣ್ಣು ಸಾರಿಸಿದ ಅಂಗಳ, ಹಿತ್ತಲಲ್ಲಿ ಹೂರಣ ಬೇಯುವ ವಾಸನೆ. ಅಕ್ಕನಿಗೆ ಅರಿಶಿನ ಹಚ್ಚಿ ನಡುಮನೆಯಲ್ಲಿ ಕೂರಿಸಿದ್ದರು. ದೂರದಲ್ಲಿ ರೈಲು ಕೂಗಿದ್ದು ಕೇಳಿದ ಕೂಡಲೇ ಅವಳು ಅಭ್ಯಾಸದಿಂದ ಎದ್ದುಬಿಟ್ಟಳು.

"ಎಲ್ಲಿಗೇ ಹೊರಟೆ? ಅರಿಶಿನ ಹಚ್ಚಿದ ಹೆಣ್ಣು ಹೊಸಿಲು ದಾಟಬಾರದು" ಎಂದರು ಅಜ್ಜಿ.

"ಒಂದೇ ಒಂದ್ಸಲ ಅಜ್ಜಿ. ಎಳೆದು ಓಡಿ ಬಂದುಬಿಡ್ತೀನಿ."

"ಗಂಡನ ಮನೆಯವರು ರೈಲಿಂದ ಇಳೀತಿರ್ತಾರೆ, ಇವಳು ಲಂಗ ಕಟ್ಕೊಂಡು ಸರಪಳಿಗೆ ಜೋತು ಬಿದ್ದಿರ್ತಾಳೆ! ಸುಮ್ಕೆ ಕೂತ್ಕೊ."

ಅಜ್ಜಿ ಮನೆಯನ್ನೆಲ್ಲ ಒಮ್ಮೆ ನೋಡಿದರು. ಅಮ್ಮ ಒಲೆಯ ಮುಂದೆ, ಅಪ್ಪ ಬೀಗರನ್ನು ಎದುರುಗೊಳ್ಳಲು ಪೇಟ ಸುತ್ತಿಕೊಳ್ಳುತ್ತಿದ್ದರು. ಕೊನೆಗೆ ಅಜ್ಜಿಯ ಕಣ್ಣು ನನ್ನ ಮೇಲೆ ಬಿತ್ತು. "ಹೋಗೇ, ಇವತ್ತೊಂದಿನ ನೀನೇ ಎಳಿ" ಎಂದರು.

ನಾನು ದಿಣ್ಣೆ ಇಳಿದದ್ದು ನೆನಪಿಲ್ಲ. ಹಣ್ಣಿನ ಪೆಟ್ಟಿಗೆಯೊಂದನ್ನು ಸರಪಳಿಯ ಕೆಳಗೆ ಬೋರಲು ಹಾಕಿ ಹತ್ತಿ ನಿಂತೆ. ರೈಲು ಬಂತು. ಓಲಗದವರು ಊದತೊಡಗಿದರು, ಬೀಗರು ಇಳಿದರು. ನನ್ನ ಕಣ್ಣಿಗೆ ಮದುವೆಗಂಡೂ ಬೀಳಲಿಲ್ಲ, ಯಾರೂ ಬೀಳಲಿಲ್ಲ. "ವದುಲಮ್ಮಾ!" ಎಂಬ ಕೂಗು ಕೇಳಿದ್ದೇ ತಡ, ಸರಪಳಿ ಹಿಡಿದು ಜೋತುಬಿದ್ದೆ. ಕಾಲು ಪೆಟ್ಟಿಗೆಯಿಂದ ಮೇಲಕ್ಕೆದ್ದಿತು. ನೀರು ಬಂತು! ಆ ನಡುಕ ಸರಪಳಿಯಿಂದ ನನ್ನ ಭುಜಕ್ಕೆ, ಭುಜದಿಂದ ಹಲ್ಲಿಗೆ ಬಂದ ಹಾಗಾಯಿತು. ಹೋಟೆಲ್ ಅತ್ತೆಯ ಮಗಳು ಬಾಯಿಗೆ ಹಾಕಿದ ಬೋಂಡವನ್ನು ಅಗಿಯದೆ ನೋಡುತ್ತಿದ್ದಳು.

ಅಜ್ಜಿ ಕೊಳಗಗಳೊಂದಿಗೆ ಹೆಂಗಸರನ್ನು ಕರೆದುಕೊಂಡು ಬಂದು ನಲ್ಲಿಯಿಂದ ಬಿಸಿನೀರು ಹಿಡಿಸಿದರು. ಅಕ್ಕನ ಮಂಗಳಸ್ನಾನಕ್ಕೂ ಬೀಗರಿಗೂ ಅದೇ ನೀರು. ಆದರೆ ಅಜ್ಜಿ ಪ್ರತಿ ಕೊಳಗದೊಳಗೂ ಬಗ್ಗಿ ನೋಡಿ, ಬೆರಳು ಅದ್ದಿ, ಯಾಕೋ ಮುಖ ಸಣ್ಣದು ಮಾಡಿಕೊಂಡರು. ರೈಲು ಕೂಗಿ ಹೊರಟಿತು.

ನಮ್ಮ ಸ್ಟೇಷನ್ ದಾಟಿದರೆ ಒಂದು ಏರು. ರೈಲು ಅದನ್ನು ಅರ್ಧ ಹತ್ತಿತು, ಆಮೇಲೆ ಅದರ ಸದ್ದು ಬದಲಾಯಿತು. ಛುಕ್ ಛುಕ್ ಎನ್ನುವ ಬದಲು ಮೂಗು ಕಟ್ಟಿದವರ ಹಾಗೆ ಗೊರಗೊರ ಎಂದಿತು. ಹೊಗೆ ಬರುವ ಕೊಳವೆಯಿಂದ ಹೊಗೆಯ ಜೊತೆಗೆ ಬಿಳಿ ನೊರೆ ಚಿಮ್ಮಿತು. ಎಂತಹ ನೊರೆ ಅನ್ನುತ್ತೀರಿ! ಹಾಲು ಉಕ್ಕಿದ ಹಾಗೆ ಉಕ್ಕಿ, ಮುದ್ದೆಮುದ್ದೆಯಾಗಿ ಗಾಳಿಯಲ್ಲಿ ತೇಲಿ, ಕಿಟಕಿಯಲ್ಲಿ ಕುಳಿತವರ ಪೇಟಗಳ ಮೇಲೆ ಕೂತಿತು. ಇಂಜಿನ್ನು ಕೆಮ್ಮಿತು, ನಿಂತಿತು, ಆಮೇಲೆ ನಿಧಾನವಾಗಿ ಹಿಂದಕ್ಕೆ ಜಾರಿ ಬಂದು ನಮ್ಮ ಮುಂದೆಯೇ ನಿಂತುಬಿಟ್ಟಿತು.

ಓಲಗ ನಿಂತಿತು. ಎಲ್ಲರೂ ಕಂಬಿಯ ಬಳಿ ಓಡಿದರು. ಡ್ರೈವರ್ ಮಾಮ ಕೆಳಗಿಳಿದು ತಲೆ ಕೆರೆದುಕೊಂಡರು. ಇಷ್ಟು ವರ್ಷದಲ್ಲಿ ಇದು ಹೀಗೆ ಮಾಡಿದ್ದೇ ಇಲ್ಲ ಎಂದರು. ಆಗ ಹೋಟೆಲ್ ಅತ್ತೆಯ ಧ್ವನಿ ಕೇಳಿತು.

"ಇವತ್ತು ನೀರು ಬಿಟ್ಟಿದ್ದು ಯಾರು ಕೇಳಿ ಮತ್ತೆ! ದೊಡ್ಡವಳ ಕೈಗುಣ ಬೇರೆ, ಇದರ ಕೈಗುಣ ಬೇರೆ. ಮದುವೆ ದಿನವೇ ಹಿಂಗಾಗ್ಬೇಕಾ?"

ಬೀಗರ ಕಡೆಯ ಒಬ್ಬ ಮುದುಕಿ, "ಯಾವ ಹುಡುಗೀನಮ್ಮ?" ಎಂದು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನನ್ನ ಅಂಗೈ ನೋಡಿಕೊಂಡೆ. ಸರಪಳಿಯ ತುಕ್ಕು ಹತ್ತಿ ಕೆಂಪಗಿತ್ತು. ಓಡಿಹೋಗಿ ಶಾಲೆಯ ಡಬ್ಬಿಯ ಹಿಂದೆ ಕೂತೆ. ಅಳುವುದಕ್ಕೂ ಮೊದಲು ನನಗೆ ಬಂದದ್ದು ಅದೇ ಹಳೆಯ ಹೊಟ್ಟೆಕಿಚ್ಚು. ಅಕ್ಕ ಅಷ್ಟು ವರ್ಷ ಎಳೆದರೂ ಒಂದು ದಿನವೂ ರೈಲು ಕೆಮ್ಮಿರಲಿಲ್ಲ. ಅವಳ ಕೈಯೇ ಒಳ್ಳೆಯದಿರಬೇಕು, ನನ್ನದು ಕೆಟ್ಟದಿರಬೇಕು ಎಂದು ನಾನೂ ನಂಬಿಬಿಟ್ಟೆ.

ಮುಹೂರ್ತ ಯಾರಿಗೂ ಕಾಯುವುದಿಲ್ಲವಲ್ಲ. ಇಂಜಿನ್ನನ್ನು ಹಾಗೆಯೇ ಬಿಟ್ಟು ಎಲ್ಲರೂ ಚಪ್ಪರಕ್ಕೆ ಹೋದರು. ಅಪ್ಪ ಧಾರೆ ಎರೆದರು. ರೈಲು ನಿಂತ ಮೇಲೆ ಪ್ರಯಾಣಿಕರು ಎಲ್ಲಿಗೆ ಹೋಗುತ್ತಾರೆ? ಅವರೂ ಬಂದು ಅಕ್ಷತೆ ಹಾಕಿದರು. ಗಂಟಲು ಚೆನ್ನಾಗಿದ್ದ ಒಬ್ಬರು ಹಸೆಹಾಡಿಗೂ ದನಿಗೂಡಿಸಿದರು. ಅಮ್ಮ ಹೆದರಿ ಸಾರಿಗೆ ಮತ್ತೆ ಮತ್ತೆ ನೀರು ಬೆರೆಸಿದರು, ಅನ್ನಕ್ಕೆ ಇನ್ನೊಂದು ಎಸರು ಇಟ್ಟರು. ಇಡೀ ರೈಲು ನಮ್ಮ ಅಂಗಳದಲ್ಲಿ ಸಾಲು ಸಾಲಾಗಿ ಕೂತು ಉಂಡಿತು. ನೀರು ಟೇಸನ್ ಎಂಬ ಊರು ಅಷ್ಟು ದೊಡ್ಡದಾದದ್ದು ಅದೊಂದೇ ದಿನ.

ಡ್ರೈವರ್ ಮಾಮನಿಗೆ ಊಟ ಸೇರಲಿಲ್ಲ. ಎಲೆಯ ಮುಂದಿನಿಂದ ಎದ್ದು ಹೋಗಿ ತೊಟ್ಟಿಯ ಏಣಿ ಹತ್ತಿದರು. ಮುಚ್ಚಳ ಸರಿಸಿ, ಮೂಗು ಇಟ್ಟು ಮೂಸಿ, ಒಳಗೆ ಕೈಹಾಕಿದರು. ದಾರ ಕಟ್ಟಿ ಇಳಿಬಿಟ್ಟಿದ್ದ ಒಂದು ಗಂಟು ಮೇಲೆ ಬಂತು. ಕೆಂಪು ಚೌಕಳಿಯ ಹಳೆಯ ಸೀರೆಯ ತುಂಡು. ಹಿಂಡಿದರೆ ಬುಳುಬುಳು ನೊರೆ.

"ಯಾರಮ್ಮಾ ಇದು? ತೊಟ್ಟಿಗೆ ಅಂಟುವಾಳಕಾಯಿ ಹಾಕಿದೋರು?"

ಆ ಸೀರೆ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ಅಜ್ಜಿ ಬಡಿಸುತ್ತಿದ್ದ ಸೌಟು ಹಿಡಿದುಕೊಂಡೇ ಮುಂದೆ ಬಂದರು.

"ನಾನೇ ಹಾಕಿದ್ದು. ಮದುವೆ ಮನೇಲಿ ಇಷ್ಟು ಜನದ ತಲೆಗೆ ಯಾರು ತಿಕ್ತಾ ಕೂತ್ಕೋತಾರೆ ಅಂತ ನಿನ್ನೆ ಸಾಯಂಕಾಲವೇ ಕುಟ್ಟಿ ಗಂಟು ಕಟ್ಟಿ ಬಿಟ್ಟೆ. ಹಂಡೆಗೆ ಹಾಕಿದ್ದು ನಲ್ಲೀಲಿ ಬರಬೇಕೋ ಬೇಡವೋ? ನಿನ್ನ ಇಂಜಿನ್ನು ನೊರೆಯೆಲ್ಲ ತಾನೇ ಇಟ್ಕೊಂಡು ನಮಗೆ ಬರೀ ನೀರು ಕೊಡ್ತು!"

ಆವತ್ತು ನಲ್ಲಿಯಲ್ಲಿ ಬಂದದ್ದು ಮೊದಲೇ ಇಂಜಿನ್ನಿನಲ್ಲಿ ಕಾದಿದ್ದ ಹಳೆಯ ನೀರು. ನಾನು ಬಿಟ್ಟ ನೀರು ಒಳಗೆ ಹೋಗಿ ಕುದಿಯುವ ಹೊತ್ತಿಗೆ ರೈಲು ಏರಿನ ಮೇಲಿತ್ತು. ಇದು ಅಜ್ಜಿಗೆ ಹೇಗೆ ಗೊತ್ತಾಗಬೇಕು? ಡ್ರೈವರ್ ಮಾಮ ಏಣಿಯ ಮೇಲೆಯೇ ಕೂತು ನಕ್ಕರು. "ಅವ್ವಾ, ನನ್ನ ಇಂಜಿನ್‌ಗೆ ತಲೆಕೂದಲು ಎಲ್ಲಿದೆ ಅಂತ ಅಂಟುವಾಳ ಹಾಕಿದೆ? ನನಗೇ ಇಲ್ಲ, ಅದಕ್ಕೆಲ್ಲಿಂದ ಬರಬೇಕು!" ಎಂದು ತಮ್ಮ ಬೋಳುತಲೆ ತೋರಿಸಿದರು. ಚಪ್ಪರವೆಲ್ಲ ನಕ್ಕಿತು. ಡಬ್ಬಿಯ ಹಿಂದೆ ಕೂತಿದ್ದ ನನಗೂ ಆ ನಗು ಕೇಳಿಸಿ, ಇಣುಕಿ ನೋಡಿದೆ.

ಇಂಜಿನ್ನಿನ ನೀರನ್ನೆಲ್ಲ ಬಿಟ್ಟುಬಿಡಬೇಕಾಯಿತು. ಆಗ ಅಜ್ಜಿ ಬಯಸಿದ ಬಿಸಿ ನೊರೆನೀರು ಕೊನೆಗೂ ಬಂತು. ಕಂಬಿಯ ಪಕ್ಕದ ಚರಂಡಿಯಲ್ಲಿ ಅದು ಹರಿದದ್ದೇ ತಡ, ಕೂಲಿಮನೆಗಳ ಹೆಂಗಸರು ಬಟ್ಟೆಗಂಟು ತಂದರು, ಮಕ್ಕಳು ಅದರೊಳಗೆ ಉರುಳಾಡಿದರು. ಅಪ್ಪ ಧಾರೆಯ ಪಂಚೆಯನ್ನು ಮೇಲಕ್ಕೆ ಕಟ್ಟಿ ಎತ್ತು ಹೂಡಿದರು. ಬಿಸಿಲಿಳಿಯುವ ಹೊತ್ತಿಗೆ ತೊಟ್ಟಿ ತೊಳೆದು ಮತ್ತೆ ತುಂಬಿಯಾಯಿತು.

ಇನ್ನು ಸರಪಳಿ. ನಾನು ನೋಡುವ ಹೊತ್ತಿಗೆ ಹೋಟೆಲ್ ಅತ್ತೆಯ ಮಗಳು ಅದರ ಕೆಳಗೆ ನಿಂತಾಗಿತ್ತು. ನನ್ನ ಪೆಟ್ಟಿಗೆಯೂ ಅವಳಿಗೆ ಬೇಕಾಗಿರಲಿಲ್ಲ.

"ಅಂಟುವಾಳವೋ ಗಿಂಟುವಾಳವೋ, ದೊಡ್ಡವಳ ಕೈಯಲ್ಲಾಗಿದ್ರೆ ಹಿಂಗಾಗ್ತಿತ್ತಾ?" ಎಂದರು ಅತ್ತೆ. ಬೀಗರ ಮುದುಕಿ ಅದಕ್ಕೆ ತಲೆಯಾಡಿಸಿದರು. ಅಪ್ಪ ಕಪಿಲೆಯ ಹಗ್ಗ ಸುತ್ತುತ್ತಿದ್ದರು. ಬೀಗರ ಮುಂದೆ ಅವರಿಗೂ ಸಂಕೋಚ.

ಆಗ ದಿಣ್ಣೆಯ ಮೇಲಿನ ಚಪ್ಪರದಿಂದ ಒಂದು ಕೂಗು ಬಂತು. ಬಾಸಿಂಗ ಕಟ್ಟಿದ ಮದುಮಗಳು, ತಲೆ ತಗ್ಗಿಸಿ ಕೂರಬೇಕಾದವಳು, ಎದ್ದು ನಿಂತಿದ್ದಳು.

"ಮಾಮಾ! ನನ್ನ ತಂಗೀನ ಕರೀರಿ! ಅವಳೇ ಎಳೀಬೇಕು. ಬೇರೆಯವರು ಮುಟ್ಟಿದ್ರೆ ನಾನೇ ಇಳಿದು ಬರ್ತೀನಿ, ಬಾಸಿಂಗ ಬಿದ್ರೂ ಪರವಾಗಿಲ್ಲ!"

ಬೀಗರ ಮುದುಕಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ನಮ್ಮ ಭಾವ, ಆವತ್ತೇ ಭಾವನಾದವರು, ಅಕ್ಕನನ್ನು ನೋಡಿ ನಕ್ಕುಬಿಟ್ಟರು. ಮದುಮಗನೇ ನಕ್ಕ ಮೇಲೆ ಯಾರು ಏನು ಹೇಳುತ್ತಾರೆ? ಅಪ್ಪ ನನ್ನನ್ನು ಡಬ್ಬಿಯ ಹಿಂದಿನಿಂದ ಎತ್ತಿಕೊಂಡು ಬಂದು ಪೆಟ್ಟಿಗೆಯ ಮೇಲೆ ನಿಲ್ಲಿಸಿದರು. ಎಳೆದೆ. ಕಣ್ಣು ಮುಚ್ಚಿಕೊಂಡೇ ಎಳೆದೆ. ಬೆಂಕಿ ಹಚ್ಚಿ ಹಬೆ ಏಳಲು ಬಹಳ ಹೊತ್ತು ಬೇಕಾಯಿತು. ಕೊನೆಗೆ ರೈಲು ಏರು ಹತ್ತಿತು. ಅರ್ಧ ಹತ್ತಿತು, ಮುಕ್ಕಾಲು ಹತ್ತಿತು. ಗುಟ್ಟೆಯ ಆಚೆಯಿಂದ ಅದು ಕೂಗಿದ್ದು ಕೇಳಿದಾಗ ಅಪ್ಪ ನನ್ನ ತುಕ್ಕು ಹತ್ತಿದ ಕೈಯನ್ನು ತಮ್ಮ ಪಂಚೆಯಿಂದಲೇ ಒರೆಸಿದರು.

ಮಾರನೆಯ ಬೆಳಿಗ್ಗೆ ಅಕ್ಕ ಗಂಡನ ಮನೆಗೆ ಹೊರಟಳು. ಅದೇ ಡ್ರೈವರ್ ಮಾಮ, ಅದೇ ಇಂಜಿನ್ನು, ಈಗ ಕೋಲಾರದ ಕಡೆಗೆ ಮುಖ. ಅಕ್ಕ ಕಿಟಕಿಯ ಪಕ್ಕ ಕೂತಳು. ಮೈತುಂಬ ಒಡವೆ, ತಲೆತುಂಬ ಮಲ್ಲಿಗೆಯ ಜಡೆ. ಅಮ್ಮ, ಅಜ್ಜಿ ಅಳುತ್ತಿದ್ದರು. ಬೆಂಕಿ ಹಾಕುವ ಮಾಮ "ವದುಲಮ್ಮಾ!" ಎಂದರು. ನಾನು ಎಳೆದೆ. "ಚಾಲಮ್ಮಾ!" ಎಂದರು. ಬಿಟ್ಟೆ. ಡ್ರೈವರ್ ಮಾಮ ಬಗ್ಗಿ ಬಾಳೆಎಲೆಯ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು. ಒಂದು ಮೊಳ ಕನಕಾಂಬರ.

ಅದನ್ನು ಬಿಚ್ಚುತ್ತಾ ತಲೆ ಎತ್ತಿದೆ. ಅಕ್ಕ ನನ್ನನ್ನು ನೋಡುತ್ತಿದ್ದಳು. ನನ್ನ ಮುಖವನ್ನಲ್ಲ, ಮೊದಲು ಆ ಹೂವನ್ನು, ಆಮೇಲೆ ಇನ್ನೂ ಓಲಾಡುತ್ತಿದ್ದ ಸರಪಳಿಯನ್ನು. ಕೆಳತುಟಿ ಸ್ವಲ್ಪ ಮುಂದೆ ಬಂದಿತ್ತು. ಹುಬ್ಬು ಗಂಟಾಗಿತ್ತು. ಆ ಮುಖವನ್ನು ನಾನು ಅದಕ್ಕೆ ಮೊದಲು ಎಲ್ಲಿ ನೋಡಿದ್ದೆ ಎಂದು ಯೋಚಿಸಿದೆ. ಅಪ್ಪ ಕ್ಷೌರ ಮಾಡಿಕೊಳ್ಳುವ ಕನ್ನಡಿಯಲ್ಲಿ ನೋಡಿದ್ದೆ. ಅದು ನನ್ನ ಮುಖ. ಅಕ್ಕನಿಗೆ, ಅಷ್ಟು ಒಡವೆ ಹಾಕಿಕೊಂಡ ಅಕ್ಕನಿಗೆ, ನನ್ನನ್ನು ಕಂಡು ಹೊಟ್ಟೆಕಿಚ್ಚಾಗಿತ್ತು!

ರೈಲು ಅಲುಗಿದಾಗ ಅವಳು ಹೇಳಿದ್ದು ಒಂದೇ ಮಾತು. "ಎರಡು ಕೈಲೂ ಹಿಡ್ಕೊಳೇ. ಮಳೆಗಾಲದಲ್ಲಿ ಜಾರ್ತದೆ." ಅಷ್ಟು ಹೇಳಿ ಸೆರಗು ಮುಖಕ್ಕೆ ಹಾಕಿಕೊಂಡಳು. ನಾನು ಕನಕಾಂಬರವನ್ನು ಅರ್ಧಕ್ಕೆ ಹರಿದು ಕಿಟಕಿಗೆ ಎಸೆದೆ. ಅವಳ ಮಡಿಲಿಗೆ ಬಿತ್ತು.

ಆಮೇಲೆ ಕೆಲವು ವರ್ಷ ಸರಪಳಿ ನನ್ನದಾಗಿತ್ತು. ಅಷ್ಟರಲ್ಲಿ ಯುದ್ಧ ಬಂತು. ಕಲ್ಲಿದ್ದಲಿಗೂ ಅಕ್ಕಿಗೂ ಬರ ಬಂತು, ರೈಲು ಬರುವುದು ಕಡಿಮೆಯಾಯಿತು. ದೂರದ ರಸ್ತೆಯಲ್ಲಿ ಬಸ್ಸು ಓಡತೊಡಗಿತು. ಯುದ್ಧ ಮುಗಿದ ಮೇಲೆ ಮಾವಿನ ಹಣ್ಣೂ ಲಾರಿ ಹತ್ತಿತು. ಹೋಟೆಲ್ ಅತ್ತೆ ಬಾಣಲೆಯನ್ನು ತಲೆಯ ಮೇಲೆ ಹೊತ್ತು, ಮಗಳ ಕೈ ಹಿಡಿದು ರಸ್ತೆಯ ಬದಿಗೆ ಹೋದರು. ಹೋಗುವ ದಿನ ನನಗೆ ಎರಡು ಬೋಂಡ ಕೊಟ್ಟರು. ಮಾಸ್ತರಿಗೆ ಬೇರೆ ಊರಿಗೆ ವರ್ಗವಾಯಿತು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಒಂದು ದಿನ ಕೂಲಿಯವರು ಬಂದು ನಮ್ಮ ಶಾಲೆಯ ಡಬ್ಬಿಗೆ ಮತ್ತೆ ಗಾಲಿ ಸಿಕ್ಕಿಸಿ ಎಳೆದುಕೊಂಡು ಹೋದರು. ಕಪ್ಪುಹಲಗೆ ಒಳಗೇ ಇತ್ತು, ಅದರ ಮೇಲೆ ಹಿಂದಿನ ದಿನದ ಲೆಕ್ಕವೂ ಇತ್ತು. ಕೊನೆಗೆ ಮುಂದಿನ ದೊಡ್ಡ ಸ್ಟೇಷನ್ನಿನಲ್ಲಿ ನೀರೆತ್ತುವ ಪಂಪು ಹಾಕಿದರು. ಆ ಪಂಪನ್ನು ನಾನು ಕಂಡದ್ದೇ ಇಲ್ಲ, ಆದರೆ ಅದರ ಮೇಲೆ ನನಗಾದ ಹೊಟ್ಟೆಕಿಚ್ಚು ಅಕ್ಕನ ಮೇಲೂ ಆಗಿರಲಿಲ್ಲ. ಮೊದಲ ಸಲ ರೈಲು ನಿಲ್ಲದೆ ಹೋದಾಗ ನಾನು ಪೆಟ್ಟಿಗೆಯಿಲ್ಲದೆಯೇ ಸರಪಳಿ ಮುಟ್ಟುವಷ್ಟು ಬೆಳೆದಿದ್ದೆ. ಸರಪಳಿ ಹಿಡಿದೇ ನಿಂತಿದ್ದೆ. ಬೆಂಕಿ ಮಾಮ ಇಂಜಿನ್ನಿನಿಂದ ಬಗ್ಗಿ, ಸಾಕು ಎನ್ನುವಂತೆ ಕೈ ಬೀಸಿದರು. ನನಗೂ ಮದುವೆಯಾಗಿ ನಿಮ್ಮ ತಾತನ ಮನೆಗೆ ಬಂದ ಮೇಲೆ ಅಪ್ಪ ಎತ್ತುಗಳನ್ನು ಮಾರಿ ಗುಟ್ಟೆಯ ಆಚೆಗೆ ಹೋದರು. ಈಗ ಅಲ್ಲಿ ಮತ್ತೆ ಗುಂಡುಬಂಡೆ, ತಂಗಡಿ ಹೂ, ಒಂದು ಹಾಳು ಬಾವಿ.

ನಿಮ್ಮ ಕಾಲದ ರೈಲನ್ನು ನಾನೂ ಹತ್ತಿದ್ದೇನೆ. ಮೆತ್ತನೆಯ ಸೀಟು, ತಣ್ಣಗೆ ಬೀಸುವ ಗಾಳಿ, ಬಾಟಲಿಯಲ್ಲಿ ನೀರು. ನಮ್ಮ ಚಿಕ್ಕ ರೈಲು ಅದರ ಒಂದು ಡಬ್ಬಿಯೊಳಗೆ ಮಲಗಿ ನಿದ್ದೆ ಮಾಡಬಹುದು. ಅದನ್ನು ಹತ್ತಿದಾಗಲೆಲ್ಲ ನಿಮ್ಮ ಮೇಲೆ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಗುತ್ತಿತ್ತು, ಈ ವಯಸ್ಸಿನಲ್ಲೂ. ಅದು ಎಷ್ಟೋ ಸ್ಟೇಷನ್ನುಗಳನ್ನು ನಿಲ್ಲದೆ ದಾಟುವಾಗ ನಾನು ಕಿಟಕಿಯಿಂದ ಹೊರಗೆ ನೋಡುತ್ತೇನೆ, ಎಲ್ಲಾದರೂ ಯಾರಾದರೂ ಕಾಯುತ್ತಾ ನಿಂತಿದ್ದಾರೆಯೇ ಎಂದು.

ಹೋದ ಬೇಸಿಗೆಯಲ್ಲಿ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ನನ್ನ ಪಕ್ಕದಲ್ಲಿ ಕೂತು ಮಾವಿನ ಹಣ್ಣು ಚೀಪುತ್ತಿದ್ದಳು. ನನಗೆ ಧೈರ್ಯ ಬಂದು ಅವಳೊಬ್ಬಳಿಗೇ ಇದನ್ನು ಹೇಳಿದೆ. ಅವಳು ಚೀಪುವುದನ್ನು ನಿಲ್ಲಿಸಿದಳು.

"ನಿಜವಾಗ್ಲೂ ಅಜ್ಜಿ? ನೀನು ಎಳೆದ್ರೆ ಮಾತ್ರ ರೈಲು ಹೋಗ್ತಿತ್ತಾ?"

"ಹೂಂ ಕಣೇ."

ಅವಳು ನನ್ನ ಸುಕ್ಕುಗಟ್ಟಿದ ಅಂಗೈಯನ್ನು ಹಣ್ಣಿನ ರಸದ ಕೈಯಿಂದಲೇ ಹಿಡಿದು ತಿರುಗಿಸಿ ನೋಡಿದಳು. ಕೆಳತುಟಿ ಸ್ವಲ್ಪ ಮುಂದೆ ಬಂತು, ಹುಬ್ಬು ಗಂಟಾಯಿತು. ಆ ಮುಖ ನನಗೆ ಚೆನ್ನಾಗಿ ಗೊತ್ತಿತ್ತು.